ಅಂಗಾಲಿನ ಆಡಿಟ್

ಅಂಗಾಲು ಉರಿಯುತ್ತದೆ ಎಂದರೆ ಜನ ನಂಬುತ್ತಾರೆ. ಅಂಗಾಲಿಗೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ ಎಂದರೂ ಅಯ್ಯೋ ಪಾಪ ಎನ್ನುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆನೋ, ಕೆಟ್ಟೆ. "ಏನೂ ಗೊತ್ತಾಗದ ಕಾಲಿಗೆ ಉರಿ ಮಾತ್ರ ಹೇಗೆ ಗೊತ್ತಾಗುತ್ತದೆ?" ಎಂದು ಇವತ್ತು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಎದುರುಮನೆಯಾಕೆ ನನ್ನನ್ನು ನಿಲ್ಲಿಸಿಕೊಂಡು ಪಾಟೀಸವಾಲು ಮಾಡಿದರು. ಪಕ್ಕದಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ಒಬ್ಬರು, ಪ್ರಶ್ನೆ ನ್ಯಾಯವಾಗಿಯೇ ಇದೆ ಎನ್ನುವಂತೆ ತಲೆಯಾಡಿಸಿದರು. ಅವರು ಯಾರೆಂಬುದು ನನಗೆ ಈಗಲೂ ಗೊತ್ತಿಲ್ಲ.

ಮೈಸೂರಿನ ಸರಸ್ವತೀಪುರಂನ ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನು ಹುಡುಕಬೇಕು. ಹಾಗಾಗಿ ಇಲ್ಲಿ ಎಲ್ಲರೂ ಅರ್ಧ ವೈದ್ಯರೇ. ಒಬ್ಬರು ಹರಳೆಣ್ಣೆ ಹಚ್ಚಿ ಎನ್ನುತ್ತಾರೆ, ಇನ್ನೊಬ್ಬರು ಮೆಂತ್ಯ ನೆನೆಸಿ ಕುಡಿಯಿರಿ ಎನ್ನುತ್ತಾರೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಬರುವ ಮಹನೀಯರೊಬ್ಬರಂತೂ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ನರಗಳು ತಾವಾಗಿಯೇ ಎಚ್ಚರಗೊಳ್ಳುತ್ತವೆ ಎಂದು ಕಂಡಾಗಲೆಲ್ಲ ಹೇಳುತ್ತಾರೆ. ನನ್ನ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಅಡಿಗೆರೆ ಎಳೆದಿರುವ ಒಂದೇ ಒಂದು ಮಾತೆಂದರೆ, ಬರಿಗಾಲಲ್ಲಿ ನಡೆಯಲೇಬಾರದು, ಮನೆಯೊಳಗೂ.

ವೈದ್ಯರು ವಿವರಿಸಿದ್ದು ಎದುರುಮನೆಯಾಕೆಗೂ ಅರ್ಥವಾಗುವಷ್ಟು ಸರಳವಾಗಿತ್ತು, ಅವರು ಕೇಳಿಸಿಕೊಳ್ಳುವುದಾದರೆ. ಕೆಲವು ನರಗಳು ಸುದ್ದಿ ಒಯ್ಯುವುದನ್ನೇ ಬಿಟ್ಟಿವೆ. ಇನ್ನು ಕೆಲವು ಪೆಟ್ಟು ತಿಂದು, ಇಲ್ಲದ ಬೆಂಕಿಗೆ ಬೊಬ್ಬೆ ಹಾಕುತ್ತಿವೆ. ದೇಹದಲ್ಲಿ ಅತಿ ಉದ್ದದ ನರಗಳೇ ಮೊದಲು ಸೋಲುವುದರಿಂದ ತೊಂದರೆ ಕಾಲ್ಬೆರಳಿನ ತುದಿಯಿಂದ, ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತದೆ. ನನ್ನ ವಿಷಯದಲ್ಲಿ ಹತ್ತು ವರ್ಷ ದಾಟಿದ ಸಕ್ಕರೆ ಒಂದು ಕಾರಣ. ಆ ಸಕ್ಕರೆಗೆಂದು ಅಷ್ಟೂ ಕಾಲ ನುಂಗಿದ ಮೆಟ್‌ಫಾರ್ಮಿನ್ ಮಾತ್ರೆ, ನರಗಳಿಗೆ ಬೇಕಾದ ವಿಟಮಿನ್ ಬಿ12 ಅನ್ನು ದೇಹ ಹೀರಿಕೊಳ್ಳುವುದನ್ನು ತಗ್ಗಿಸಿದ್ದು ಇನ್ನೊಂದು. ಹುಟ್ಟಿದಂದಿನಿಂದ ಸಾರು, ಹುಳಿ, ಪಲ್ಯ ತಿಂದು ಬೆಳೆದವಳಲ್ಲಿ ಬಿ12 ಇದ್ದದ್ದೇ ಅಷ್ಟಕ್ಕಷ್ಟೆ. ಈಗ ಬಿ12 ಚುಚ್ಚುಮದ್ದು ನಡೆದಿದೆ, ಉರಿಗೆಂದು ರಾತ್ರಿ ಪ್ರಿಗ್ಯಾಬಲಿನ್ ಇದೆ. ಮೊದಲ ವಾರ ಕಾಲಿಗೆ ಕೊಟ್ಟ ಮಾತ್ರೆ ತಲೆಗೆ ಹತ್ತಿ, ಬೆಳಿಗ್ಗೆ ಕಾಫಿ ಸೋಸಲು ಗೋಡೆ ಹಿಡಿದು ನಿಲ್ಲಬೇಕಾಯಿತು. ನಡೆದರೆ ಹತ್ತಿಯ ಮೇಲೆ ನಡೆದ ಹಾಗಿರುತ್ತದೆ, ಮಲಗಿದರೆ ಹೊದಿಕೆ ಸೋಕಿದರೂ ಉರಿಯುತ್ತದೆ. ಉಪಕಾರ ಮಾಡಬೇಕಾದ ಹಗಲಿನಲ್ಲಿ ಮೌನ, ಸುಮ್ಮನಿರಬೇಕಾದ ರಾತ್ರಿಯಲ್ಲಿ ಭಾಷಣ.

ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಚಪ್ಪಲಿ ಕಾಲಿನಲ್ಲಿದೆಯೋ ಇಲ್ಲವೋ ಎಂಬುದನ್ನು ಕಾಲು ಹೇಳದಿದ್ದರೆ ಕಣ್ಣೇ ಹೇಳಬೇಕು. ದೇವರಾಜ ಮಾರುಕಟ್ಟೆಯ ಹಬ್ಬದ ನೂಕುನುಗ್ಗಲಿನಲ್ಲಿ ಕಣ್ಣಿಗೆ ಬೇರೆ ಕೆಲಸವಿರುತ್ತದೆ. ಗೌರಿ ಹಬ್ಬದ ಹಿಂದಿನ ದಿನ ಬಾಳೆಎಲೆ ಕೊಂಡು ಹೂವಿನ ಸಾಲಿಗೆ ಬಂದು, ಮಲ್ಲಿಗೆ ಮಾರಿಗೆ ಎಷ್ಟೆಂದು ಜಿಗುಟು ಚೌಕಾಸಿ ನಡೆಸಿದ್ದೆ. ಹೂವಿನಾಕೆ ಬೆಲೆ ಹೇಳುವುದನ್ನು ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದಳು. "ಅಮ್ಮಾ, ಒಂದೇ ಚಪ್ಪಲಿಯಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದೀರಾ?" ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಗೇಲಿ ಇರಲಿಲ್ಲ, ಭಕ್ತಿಯೇ ಇತ್ತು. ವಾಪಸು ಹುಡುಕಿಕೊಂಡು ಹೋದರೆ, ಯಾರೋ ಪುಣ್ಯಾತ್ಮರು ಅದನ್ನು ಎತ್ತಿ, ಅರಿಶಿನ ಕುಂಕುಮದ ರಾಶಿಗೆ ತಗುಲದಂತೆ ಕಂಬದ ಬುಡದಲ್ಲಿ ಇಟ್ಟಿದ್ದರು. ಅಷ್ಟು ದೂರ ಆ ಬಲಗಾಲು ಬಾಳೆದಿಂಡಿನ ಚೂರು, ಕೊಳೆತ ಸೇವಂತಿಗೆ, ಕೆಸರು ಎಲ್ಲವನ್ನೂ ತುಳಿದು ಬಂದಿತ್ತು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಈಗ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಬಂದಿದೆ. ದಪ್ಪ ಅಟ್ಟೆ, ಉಂಗುಷ್ಟ ಇಲ್ಲ, ಹಿಮ್ಮಡಿಯ ಹಿಂದೆ ಪಟ್ಟಿ. ಕಳಚಿಕೊಳ್ಳುವುದಿಲ್ಲ, ಒತ್ತುವುದಿಲ್ಲ, ಯಾವ ರೇಷ್ಮೆ ಸೀರೆಗೂ ಹೊಂದುವುದಿಲ್ಲ. ಮೊನ್ನೆ ಮದುವೆಯಲ್ಲಿ ಬೀಗರ ಕಡೆಯವರೊಬ್ಬರು ನನ್ನ ಮುಖ ನೋಡಿ ನಮಸ್ಕಾರ ಶುರು ಮಾಡಿ, ಕಾಲು ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಮನೆಯೊಳಗಿನ ಚಪ್ಪಲಿಯದು ಬೇರೆಯೇ ರಾಜಕೀಯ. ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. "ಅಡುಗೆ ಮನೆಗೆ ಚಪ್ಪಲಿಯೇ? ಅನ್ನಪೂರ್ಣೆ ಎದ್ದು ಹೋಗುತ್ತಾಳೆ" ಎಂದರು. ನನ್ನ ಕಾಲೇ ಎದ್ದು ಹೋದರೆ ಅನ್ನ ಬೇಯಿಸುವವರು ಯಾರು ಅತ್ತೆ ಎಂದು ಕೇಳಿದೆ. ಮಾತು ಅಲ್ಲಿಗೆ ನಿಂತಿತು, ಚಪ್ಪಲಿ ಹೊಸ್ತಿಲಾಚೆ ನಿಂತಿತು. ಆಮೇಲೊಂದು ದಿನ ತೆಂಗಿನಕಾಯಿ ಒಡೆದಾಗ ಸಿಡಿದ ಕರಟದ ಚೂರು ನನ್ನ ಹಿಮ್ಮಡಿಗೆ ಹೊಕ್ಕಿದೆ. ನಾನು ಹಾಯಾಗಿ ಮನೆಯೆಲ್ಲ ಓಡಾಡಿದ್ದೇನೆ. ನಮ್ಮದು ಹಳೆಯ ಮನೆ, ಕೆಂಪು ಗಾರೆಯ ನೆಲ. ಅದರ ಮೇಲೆ ಬಿದ್ದ ರಕ್ತ ಯಾರ ಕಣ್ಣಿಗೂ ಬೀಳಲಿಲ್ಲ. ದೇವರ ಮನೆಯ ಮುಂದಿನ ಬಿಳಿ ರಂಗೋಲಿಯ ಮೇಲೆ ಸಾಲಾಗಿ ಕೆಂಪು ಗುರುತು ಕಂಡಾಗ ಅತ್ತೆ ಮೊದಲು ಕುಂಕುಮ ಚೆಲ್ಲಿದ್ದಕ್ಕೆ ನನ್ನನ್ನು ಬೈದರು, ಆಮೇಲೆ ಬಗ್ಗಿ ನೋಡಿದರು, ಆಮೇಲೆ ಅಲ್ಲೇ ಕುಳಿತುಬಿಟ್ಟರು. ಮಾರನೆಯ ದಿನ ಕಾನೂನು ತಿದ್ದುಪಡಿಯಾಯಿತು. ಅಡುಗೆ ಮನೆಗೆ ಬೀದಿಯನ್ನೇ ಕಾಣದ ಒಂದು ಜೊತೆ, ಮಿಕ್ಕ ಮನೆಗೆ ಇನ್ನೊಂದು ಜೊತೆ. ಅಡುಗೆ ಮನೆಯದನ್ನು ದಿನಾ ತೊಳೆದು ಮಹಡಿಯ ಮೇಲೆ ಒಣಗಿಸಬೇಕು, ಮಡಿ ಬಟ್ಟೆಯ ತಂತಿಗೆ ಅದರ ನೆರಳೂ ಬೀಳಬಾರದು. ಹೊಸ್ತಿಲಲ್ಲಿ ಜೊತೆ ಬದಲಿಸುವಷ್ಟರಲ್ಲಿ ಒಗ್ಗರಣೆ ಸೀಯುತ್ತದೆ.

ಇದನ್ನೆಲ್ಲ ಸಹಿಸಬಹುದು. ನನ್ನ ತಾಳ್ಮೆ ಕೆಡಿಸಿರುವುದು ನಮ್ಮ ಮನೆಯವರು.

ಅವರು ಸರ್ಕಾರಿ ಲೆಕ್ಕಪತ್ರಗಳನ್ನು ತಪಾಸಣೆ ಮಾಡುತ್ತಲೇ ಕೂದಲು ನರೆಸಿಕೊಂಡು ನಿವೃತ್ತರಾದವರು. ವೈದ್ಯರು ನನ್ನ ಕಣ್ಣು ಮುಚ್ಚಿಸಿ, ಅಂಗಾಲಿನ ಅಲ್ಲಲ್ಲಿ ನೈಲಾನ್ ಎಳೆಯೊಂದನ್ನು ಒತ್ತಿ "ಗೊತ್ತಾಯಿತೇ?" ಎಂದು ಕೇಳುತ್ತಿದ್ದಾಗ ಇವರು ಕುರ್ಚಿಯ ತುದಿಗೆ ಬಂದಿದ್ದರು. ಆ ಎಳೆ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ, ಅಷ್ಟು ಒತ್ತಿದರೂ ಗೊತ್ತಾಗದಿದ್ದರೆ ಕಾಲಿನ ರಕ್ಷಣೆ ಹೋಯಿತೆಂದೇ ಲೆಕ್ಕ ಎಂದು ವೈದ್ಯರು ಹೇಳಿದರು. ಇವರು ಕೇಳಿದ ಮೊದಲ ಪ್ರಶ್ನೆ, "10 ಗ್ರಾಂ ಎಂಬುದಕ್ಕೆ ಪ್ರಮಾಣಪತ್ರ ಇದೆಯೇ?"

ಅವರ ಎರಡನೆಯ ಪ್ರಶ್ನೆ ನರ ಎಷ್ಟು ವೇಗದಲ್ಲಿ ಬೆಳೆಯುತ್ತದೆ ಎಂಬುದು. ತುಂಡಾದ ನರ ಮತ್ತೆ ಬೆಳೆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಎಂದರು ವೈದ್ಯರು. ಸೊಂಟದಿಂದ ಹೆಬ್ಬೆರಳಿಗೆ ಒಂದು ಮೀಟರ್, ಅಂದರೆ 1000 ದಿನ, ಅಂದರೆ ಎರಡು ವರ್ಷ ಒಂಬತ್ತು ತಿಂಗಳು ಎಂದು ಇವರು ಅಲ್ಲೇ ಬಾಯಿಲೆಕ್ಕ ಮುಗಿಸಿ ನನ್ನ ಕಡೆ ಗೆಲುವಿನಿಂದ ನೋಡಿದರು. ಅದು ಗಾಯದಿಂದ ತುಂಡಾದ ನರದ ಲೆಕ್ಕ, ನಿಮ್ಮ ಹೆಂಡತಿಯ ಕಾಲಿಗೆ ಅನ್ವಯಿಸುವುದಿಲ್ಲ, ಇಲ್ಲಿ ಇರುವುದನ್ನು ಕಾಪಾಡಿಕೊಳ್ಳುವುದೇ ಮುಖ್ಯ ಎಂದು ವೈದ್ಯರು ಮೆಲ್ಲಗೆ ಹೇಳಿದರು. ಇವರು ಅಂಕಿಯನ್ನು ಮಾತ್ರ ಬರೆದುಕೊಂಡರು.

ಮೀನಿನ ವಾಸನೆಯನ್ನೇ ಕಾಣದ ನಮ್ಮ ಮನೆಗೆ ಮರುದಿನ ಗಾಳದ ದಾರ ಬಂತು. ಯಾವುದಕ್ಕೆ ಎಂದು ಅತ್ತೆ ಕೇಳಿದರೆ, "ನಿನ್ನ ಸೊಸೆಯ ಕಾಲಿಗೆ" ಎಂದರು. ನಾನು ಬೇಳೆ ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ದಾರದ ತುದಿಯನ್ನು ಒತ್ತಿ, 10 ಎಂದು ತೋರಿಸಿದಾಗಲೇ ಬಾಗುವಂತೆ ಚೂರುಚೂರೇ ಕತ್ತರಿಸಿ, ಹಳೆಯ ಪೆನ್ನಿನ ಕೊಳವೆಗೆ ಸಿಕ್ಕಿಸಿದರು. ಗೆರೆ ಹಾಕಿದ ಉದ್ದನೆಯ ರಿಜಿಸ್ಟರ್ ಒಂದನ್ನು ತೆರೆದರು. ನನ್ನ ಎರಡೂ ಪಾದಗಳನ್ನು ಹಾಳೆಯ ಮೇಲೆ ಇರಿಸಿ ಸುತ್ತ ಪೆನ್ಸಿಲ್ ಎಳೆದು, ಚುಕ್ಕೆಗಳಿಗೆ ಕ್ರಮಸಂಖ್ಯೆ ಕೊಟ್ಟರು. ದಿನಾಂಕ, ವೇಳೆ, ಚುಕ್ಕೆಯ ಸಂಖ್ಯೆ, ಗೊತ್ತಾಯಿತು, ಗೊತ್ತಾಗಲಿಲ್ಲ, ಷರಾ.

ತಪಾಸಣೆಗೆ ಅವರು ಆರಿಸಿಕೊಂಡದ್ದು ನನ್ನ ಧಾರಾವಾಹಿಯ ಹೊತ್ತನ್ನು. ಆ ಹೊತ್ತಿಗೆ ನಾನು ಒಂದು ಕಡೆ ಕೂರುತ್ತೇನಂತೆ. ಹುರುಳಿಕಾಯಿ ಸೋಸುತ್ತ ಕೂತಿರುತ್ತೇನೆ, ಕಣ್ಣಿನ ಮೇಲೆ ಟವೆಲು ಬಂದು ಬೀಳುತ್ತದೆ. ಗೊತ್ತಾಯಿತೇ? ಈಗ? ಈಗ? ಕಿವಿಯಲ್ಲಿ ಅತ್ತ ನಾಯಕಿಯ ಮಾವ ಆಸ್ತಿ ಪತ್ರಕ್ಕೆ ಸಹಿ ಹಾಕುತ್ತಿರುತ್ತಾನೆ, ಇತ್ತ ಇವರ "ಈಗ?" ಬೇಗ ಮುಗಿಯಲಿ ಎಂದು ನಾನು ಎಲ್ಲದಕ್ಕೂ ಹೂಂ ಎನ್ನುವುದನ್ನು ರೂಢಿ ಮಾಡಿಕೊಂಡೆ. ರಿಜಿಸ್ಟರಿನಲ್ಲಿ ನನ್ನ ಕಾಲುಗಳು ದಿನದಿನಕ್ಕೆ ಗುಣವಾಗತೊಡಗಿದವು. ಹಾಗೆ ಎಲ್ಲ ಬಾಬುಗಳೂ ತಾಳೆಯಾದಾಗಲೇ ಇಂಥವರಿಗೆ ಅನುಮಾನ ಬರುವುದು.

ಒಂದು ಸಂಜೆ ಮಾಮೂಲಿನಂತೆ ಟವೆಲು ಬಿತ್ತು.

"ಗೊತ್ತಾಯಿತೇ?"

"ಹೂಂ."

"ಎಲ್ಲಿ?"

"ಹೆಬ್ಬೆರಳು."

ಪೆನ್ನು ಗೀಚುವ ಸದ್ದು.

"ಈಗ?"

"ಹೂಂ, ಹಿಮ್ಮಡಿ. ಸ್ವಲ್ಪ ಜೋರಾಗಿಯೇ ಒತ್ತಿದಿರಿ."

ಸದ್ದಿಲ್ಲ. ಟವೆಲು ಸರಿಸಿ ನೋಡಿದರೆ ಅವರು ನನ್ನ ಕಾಲಿನ ಹತ್ತಿರವೇ ಇಲ್ಲ. ಎದುರುಗೋಡೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ಕಾಫಿ ಕುಡಿಯುತ್ತಿದ್ದರು. ದಾರದ ಪೆನ್ನು ಅಂಗಿಯ ಜೇಬಿನಲ್ಲಿತ್ತು. ಕಟ್ಟದ ಸೇತುವೆಗೆ ಬಿಲ್ಲು ಮಾಡಿದವರನ್ನು ಹಿಡಿದ ದಿನವೂ ಅವರ ಮುಖದಲ್ಲಿ ಇಷ್ಟು ಕಳೆ ಇದ್ದಿರಲಾರದು. ಷರಾ ಕಾಲಂನಲ್ಲಿ ನನ್ನೆದುರೇ ಬರೆದರು: "ಫಲಾನುಭವಿಯ ಹೇಳಿಕೆ ವಿಶ್ವಾಸಾರ್ಹವಲ್ಲ. ಹಿಂದಿನ ನಮೂದುಗಳನ್ನು ಮರುಪರಿಶೀಲಿಸತಕ್ಕದ್ದು." ಕಾಲು ನನ್ನದು, ಏನು ಬೇಕಾದರೂ ಹೇಳುತ್ತೇನೆ ಎಂದು ಕೂಗಾಡಿದೆ. ಅದನ್ನೂ ಬರೆದುಕೊಂಡರು. ಗದ್ದಲಕ್ಕೆ ಎದ್ದು ಬಂದ ಅತ್ತೆ ಪ್ರಕರಣ ಕೇಳಿ, "ಮುಟ್ಟದೆ ಮುಟ್ಟಿದ ಹಾಗೆ ಕೇಳಿದವನು ನೀನು, ಸುಳ್ಳು ನಿನ್ನದೇ" ಎಂದು ಮಗನಿಗೆ ಹೇಳಿದರು. ನನ್ನ ದಾಂಪತ್ಯದಲ್ಲಿ ಅವರು ನನ್ನ ಪರವಾಗಿ ತೀರ್ಪು ಕೊಟ್ಟದ್ದು ಬಹಳ ಅಪರೂಪ. ಅದು ರಿಜಿಸ್ಟರಿಗೆ ಏರಲಿಲ್ಲ.

ಬಿಡಲು ನನಗೆ ಮನಸ್ಸಾಗಲಿಲ್ಲ. ಈಗ ನಿಮ್ಮ ಕಾಲು ಕೊಡಿ ಎಂದೆ. ಟವೆಲು ಅವರ ಕಣ್ಣಿಗೆ ಹಾಕಿ, ಗಾಳದ ದಾರವನ್ನು ಅವರ ಅಂಗಾಲಿನ ಕುಣಿಯಲ್ಲಿ ಸೋಕಿಸಿದೆನಷ್ಟೆ. ಅವರು ಕಿಟಾರನೆ ಕಿರುಚಿ, ಕಾಲು ಝಾಡಿಸಿ, ಕಾಫಿ ಲೋಟವನ್ನು ಹುರುಳಿಕಾಯಿಯ ಮೊರಕ್ಕೆ ಒದ್ದರು. ಕಚಗುಳಿ! ಅರವತ್ತನಾಲ್ಕು ವರ್ಷದ ಗಂಡಸು ನೆಲದ ಮೇಲೆ ಹೊರಳಿ ನಕ್ಕರು. ಅತ್ತೆಯೂ ನಕ್ಕರು, ನಾನೂ ನಕ್ಕೆ. ನಗುತ್ತಿದ್ದವಳಿಗೆ ಹೊಟ್ಟೆಕಿಚ್ಚಾಯಿತು. ಮಗಳು ಚಿಕ್ಕವಳಿದ್ದಾಗ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದದ್ದೇ ಅಂಗಾಲಿಗೆ ಬೆರಳಾಡಿಸಿ.

ಆಷಾಢ ಶುಕ್ರವಾರ ಬಂದರೆ ಇನ್ನೂ ಕಷ್ಟ. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಬೆಳಗಿನ ಜಾವ ಹತ್ತುತ್ತ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹೋಗುವುದು ನಮ್ಮ ತಾಯಿಯ ಕಾಲದಿಂದ ಬಂದ ಪದ್ಧತಿ. ಸೋನೆಮಳೆಗೆ ಒದ್ದೆಯಾದ ಕಲ್ಲು, ಅದರ ಮೇಲೆ ನನಗಿಂತ ಮುಂದೆ ಹೋದವರು ಹಚ್ಚಿದ ಅರಿಶಿನದ ನುಣುಪು, ನಂದಿಯ ಹತ್ತಿರ ನಿಂತರೆ ಪಾದದಿಂದ ಮೊಣಕಾಲಿಗೆ ಏರುತ್ತಿದ್ದ ತಂಪು. ಬೆಟ್ಟ ಗೊತ್ತಾಗುತ್ತಿದ್ದದ್ದೇ ಕಾಲಿನಿಂದ. ಈ ಸಲ ಬಸ್ಸಿನಲ್ಲಿ ಹೋದೆ. ಚಪ್ಪಲಿ ಬಿಡುವ ಕಡೆ ಬಿಟ್ಟು, ದಪ್ಪ ಕಾಲುಚೀಲದಲ್ಲಿ ಸಾಲಿಗೆ ನಿಂತೆ. ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ನಿಂತರೆ ಬೊಬ್ಬೆ ಎದ್ದ ಮೇಲಷ್ಟೇ ನನ್ನಂಥವರಿಗೆ ಸುಟ್ಟದ್ದು ತಿಳಿಯುವುದು, ಆದ್ದರಿಂದ ದೇವಸ್ಥಾನವೇನಿದ್ದರೂ ಬೆಳಿಗ್ಗೆ ಬೇಗ ಎಂಬುದು ವೈದ್ಯರ ಅಪ್ಪಣೆ. ಹಿಂದೆ ನಿಂತಿದ್ದ ಹುಡುಗಿ ತನ್ನ ಅಮ್ಮನಿಗೆ "ಆ ಆಂಟಿಗೆ ಚಳಿಯಂತೆ" ಎಂದಳು. ತಿದ್ದಲು ಹೋಗಲಿಲ್ಲ. ಉರಿ ಎಂದರೆ ಮತ್ತೆ ಪಾಟೀಸವಾಲು.

ಬರುವ ವಾರ ಮತ್ತೆ ವೈದ್ಯರ ಭೇಟಿ ಇದೆ. ಸಕ್ಕರೆ ಇಳಿದಿದೆ, ಬಿ12 ಏರಿದೆ, ನಿದ್ದೆಯೂ ಪರವಾಗಿಲ್ಲ. ನಮ್ಮ ಮನೆಯವರು ರಿಜಿಸ್ಟರಿನ ಸಾರಾಂಶವನ್ನು ಎರಡು ಪುಟಗಳ ಮಧ್ಯಂತರ ವರದಿಯಾಗಿ ಟೈಪ್ ಮಾಡಿಸಿ ತಂದಿದ್ದಾರೆ. ಆಕ್ಷೇಪಣೆಗಳು ಏಳು, ಅದರಲ್ಲಿ ಐದು ನನ್ನ ನಡವಳಿಕೆಯ ಮೇಲೆ. ಕೊನೆಯಲ್ಲಿ ಪ್ರತಿಗಳು ಯಾರಿಗೆ ಎಂದು ನಮೂದಾಗಿದೆ: ವೈದ್ಯರಿಗೆ, ಸೂಕ್ತ ಕ್ರಮಕ್ಕಾಗಿ. ಮಗಳಿಗೆ, ವಾಟ್ಸಾಪ್ ಮೂಲಕ, ಮಾಹಿತಿಗಾಗಿ. ಕಚೇರಿ ಕಡತಕ್ಕೆ. ಕಾಲಿನ ಒಡತಿಗೆ ಪ್ರತಿ ಇಲ್ಲವೇ ಎಂದು ಕೇಳಿದೆ. ಅನುಪಾಲನಾ ವರದಿ ಸಲ್ಲಿಸಿದ ಮೇಲೆ ಪರಿಶೀಲಿಸಲಾಗುವುದು ಎಂದರು.