ಟಿಕ್ ಚಿಕಿತ್ಸೆ ಕಲಬುರಗಿ ತನಕ ಬರಬೇಕಾದರೆ

ಮಗು ಪದೇ ಪದೇ ಕಣ್ಣು ಪಿಳುಕಿಸಿದರೆ ನಮ್ಮ ಕಡೆ ಮೊದಲು ಕಣ್ಣಿನ ಡಾಕ್ಟರು. ಗಂಟಲಲ್ಲಿ ಸದ್ದು ಮಾಡಿದರೆ ಕೆಮ್ಮಿನ ಸಿರಪ್ಪು. ಎರಡೂ ಆದಮೇಲೆ ಹರಕೆ. ಇದಕ್ಕೆ ಟಿಕ್ ಅಂತಾರೆ: ಬೇಡವೆಂದರೂ ಮತ್ತೆ ಮತ್ತೆ ಬರುವ ಚಲನೆ ಇಲ್ಲವೇ ಸದ್ದು. ನಡುವೆ ಮನೆಮಂದಿಯೆಲ್ಲ ‘ಆ ಚಾಳಿ ಬಿಡಲೇ’ ಅಂತ ಗದರೋದು. ಗದರಿದಷ್ಟೂ ಟಿಕ್ ಜಾಸ್ತಿ.

ಹೊಸ ಔಷಧಿ ಬರ್ತಿಲ್ಲ ಅಂತಲ್ಲ. ಈಗಿನ ಹಾಲೊಪೆರಿಡಾಲ್, ರಿಸ್ಪೆರಿಡೋನ್ ಮಿದುಳಿನ ರಾಸಾಯನಿಕ ಡೋಪಮಿನ್ ಬಂದು ಕೂರುವ ಡಿ2 ಎಂಬ ತಾಣವನ್ನು ತಡೆಯುತ್ತವೆ. ಮಂಪರು, ತೂಕ, ಒಮ್ಮೊಮ್ಮೆ ಕತ್ತು ಸೆಟೆಯೋದು ಅದರ ಬೆಲೆ. ಹೊಸ ಔಷಧಿ ಎಕೋಪಿಪಾಮ್ ತಡೆಯೋದು ಇನ್ನೊಂದು ತಾಣ, ಡಿ1 ಅನ್ನು. 2023ರಲ್ಲಿ ಪ್ರಕಟವಾದ 153 ಮಕ್ಕಳ ಪ್ರಯೋಗದಲ್ಲಿ ಟಿಕ್ ಇಳಿಯಿತು, ತೂಕದ ಕಾಟ ಕಾಣಲಿಲ್ಲ. ಹಾಗಂತ ಈಗಲೇ ಕುಣಿಯಬೇಡಿ. ಡ್ಯೂಟೆಟ್ರಾಬೆನಜೀನ್ ಎಂಬ ಇನ್ನೊಂದು ಔಷಧಿಯ ಮೇಲೂ ಇಷ್ಟೇ ಆಸೆಯಿತ್ತು, 2021ರಲ್ಲಿ ಬಂದ ಎರಡು ಪ್ರಯೋಗಗಳಲ್ಲಿ ಅದು ಔಷಧಿಯೇ ಇಲ್ಲದ ಹುಸಿಗುಳಿಗೆಯನ್ನೂ ಮೀರಲಿಲ್ಲ.

ನನ್ನ ತಕರಾರು ಬೇರೆ. ಗುಳಿಗೆಯಿಲ್ಲದ ಒಂದು ತರಬೇತಿ 2010ರಲ್ಲೇ 126 ಮಕ್ಕಳಲ್ಲಿ ಸಾಬೀತಾಗಿದೆ: 10 ವಾರದಲ್ಲಿ 8 ಭೇಟಿ. ಕಲಿತವರಲ್ಲಿ ಶೇ 53 ಮಕ್ಕಳು ಸುಧಾರಿಸಿದರು, ಬರೀ ಸಮಾಧಾನದ ಮಾತು ಕೇಳಿದವರಲ್ಲಿ ಶೇ 19. ಇದು ಇಲ್ಲಿ ಎಷ್ಟು ಮನೆಗೆ ಗೊತ್ತು?

ಮಾಡೋದು ಹೀಗೆ. ಹೆಚ್ಚು ಕಾಡುವ ಒಂದೇ ಟಿಕ್ ಆರಿಸಿಕೊಳ್ಳಿ. ಅದಕ್ಕೂ ಮುನ್ನ ಬರುವ ತುಡಿತವನ್ನು ಗುರುತಿಸಲು ಮಗುವಿಗೆ ಕಲಿಸಬೇಕು. ತುಡಿತ ಬಂದ ಕೂಡಲೇ ಟಿಕ್‌ಗೆ ಅಡ್ಡವಾಗುವ ಚಲನೆ: ಭುಜ ಎಗರಿಸುವವನು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು, ಗಂಟಲು ಸದ್ದಿಗೆ ಮೂಗಿನಿಂದ ನಿಧಾನ ಉಸಿರು, ಕಣ್ಣಿಗೆ ಬೇಕಂತಲೇ ಮೆಲ್ಲಗೆ ರೆಪ್ಪೆ ಬಡಿತ. 1 ನಿಮಿಷ, ಇಲ್ಲವೇ ತುಡಿತ ಇಳಿಯುವ ತನಕ.

ಕೆಡೋದು ಎಲ್ಲಿ? ನಾಲ್ಕು ಟಿಕ್ ಒಟ್ಟಿಗೆ ಹಿಡಿದಾಗ. ಕ್ಲಿನಿಕ್ಕಿನಲ್ಲಿ ಮಾತ್ರ ಅಭ್ಯಾಸವಾದಾಗ. ಎಲ್ಲಕ್ಕಿಂತ ಹೆಚ್ಚಾಗಿ, ಅಭ್ಯಾಸ ನೆನಪಿಸುವ ಅಪ್ಪ ಪೊಲೀಸಪ್ಪ ಆದಾಗ. ಮಾಡಿದ್ದಕ್ಕೆ ಶಹಬ್ಬಾಸ್ ಅನ್ನಬೇಕು, ಟಿಕ್ ಬಂದದ್ದಕ್ಕೆ ಸುಮ್ಮನಿರಬೇಕು. (ಟಿಕ್‌ಗೆ ಕೊಡುವ ಕ್ಲೊನಿಡಿನ್ ಗುಳಿಗೆ ತಗೊಳ್ತಿರುವ ಮಗುವಿಗೆ ‘ತರಬೇತಿ ಶುರುವಾಯ್ತಲ್ಲ’ ಅಂತ ಗುಳಿಗೆಯನ್ನು ಫಕ್ಕನೆ ನಿಲ್ಲಿಸಬೇಡಿ, ಬಿಪಿ ಏರುತ್ತದೆ. ಡಾಕ್ಟರೇ ಹಂತಹಂತವಾಗಿ ಇಳಿಸಬೇಕು.)

ಇಂಗ್ಲೆಂಡಿನಲ್ಲಿ 224 ಮಕ್ಕಳಿಗೆ ಈ ತರಬೇತಿಯ ಸೋದರ ಪದ್ಧತಿಯೊಂದನ್ನು ಇಂಟರ್ನೆಟ್ಟಿನಲ್ಲೇ ಕಲಿಸಿ, 2021ರಲ್ಲಿ ಉಪಯೋಗವಿದೆ ಅಂತ ತೋರಿಸಿದರು. ಸುರಪುರದಿಂದ, ಔರಾದದಿಂದ ಮಗುವನ್ನು 8 ಸಲ ಬೆಂಗಳೂರಿಗೆ ಒಯ್ಯಲಾಗದ ಮನೆಗಳಿಗೆ ಬೇಕಾದ ಸಂಶೋಧನೆ ಇದು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಕಡೆ ಫೋನಿನಲ್ಲೇ ಕಲಿಸಿ ಪರೀಕ್ಷಿಸಬಹುದು. ಆದರೆ ಪ್ರಶ್ನಾವಳಿಯಲ್ಲಿ ‘ಪೂರ್ವಭಾವಿ ಸಂವೇದನೆ ಇದೆಯೇ’ ಅಂತ ಬರೆದರೆ ಆಳಂದದ ಹುಡುಗ ತಲೆ ಅಲ್ಲಾಡಿಸಿ ಸುಮ್ಮನಾಗ್ತಾನೆ. ಹೀಗೆ ಕೇಳಿ: ‘ಅದು ಬರೂಕಿಂತ ಮೊದ್ಲ ಅಲ್ಲಿ ಏನರ ಚುರುಚುರು ಅನಸ್ತದೇನಪಾ?’