ಸತ್ಯಾಂಶ: ಉಳ್ಳವರನ್ನು ಕೈಬಿಟ್ಟರೆ ಬಡವರಿಗೆ ಹೆಚ್ಚು ಸಿಗುತ್ತದೆಯೇ?

‘ಅಡಿಕೆ ತೋಟದವರ ಪಡಿತರ ಕಾರ್ಡ್ ರದ್ದು ಮಾಡಿದರೆ ಅಷ್ಟೂ ಅಕ್ಕಿ ಬಡವರ ಪಾಲಿಗೆ.’ ಶಿವಮೊಗ್ಗ ಸುತ್ತಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಓಡಾಡುತ್ತಿದೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಜರಡಿಗೂ ತೂತು ಇರುತ್ತದೆ.

ನೂರು ಮನೆಗಳ ಊರೊಂದನ್ನು ಊಹಿಸಿಕೊಳ್ಳಿ. ಅದರಲ್ಲಿ 40 ಬಡವರ ಮನೆಗಳು. ಪರಿಶೀಲನೆ ಹತ್ತಕ್ಕೆ ಒಂದು ಕಡೆ ತಪ್ಪಿದರೂ ಆರು ಉಳ್ಳವರು ಪಟ್ಟಿಯಲ್ಲೇ ಉಳಿಯುತ್ತಾರೆ, ನಾಲ್ಕು ಬಡ ಮನೆಗಳು ಹೊರಬೀಳುತ್ತವೆ. ಸಂದೇಶ ಬರೆದವರು ಮೊದಲನೆಯದನ್ನಷ್ಟೇ ಎಣಿಸಿದ್ದಾರೆ. ಎರಡನೆಯದು ಸದ್ದು ಮಾಡುವುದಿಲ್ಲ: ಅಡಿಕೆ ಸುಲಿದು ಬೆರಳ ಗೆರೆ ಸವೆದ ಅಜ್ಜಿ, ಯಂತ್ರ ಒಪ್ಪದಿದ್ದರೆ ಚೀಲ ಮಡಚಿಕೊಂಡು ಮನೆಗೆ ಹೋಗುತ್ತಾಳೆ, ಅಷ್ಟೇ.

ಆದಾಯ ಅಳೆಯುವುದೂ ಸುಲಭವಲ್ಲ. ಬಿಪಿಎಲ್ ಕಾರ್ಡಿಗೆ ವಾರ್ಷಿಕ 1.20 ಲಕ್ಷ ರೂಪಾಯಿಯ ಮಿತಿಯಿದೆ. ಕೊಳೆರೋಗ ಬಿದ್ದ ವರ್ಷದ ತೋಟಕ್ಕೆ ಹಿಂದಿನ ವರ್ಷದ ಲೆಕ್ಕ ಹೊಂದುವುದೇ ಇಲ್ಲ.

ಹಾಗೆಂದು ಎಲ್ಲರಿಗೂ ಕೊಡುವುದು ಪುಕ್ಕಟೆಯಲ್ಲ. ಖರ್ಚು ಹೆಚ್ಚು, ತಲೆಗೆ ಸಿಗುವುದು ಕಡಿಮೆಯಾಗಬಹುದು. ಉಳ್ಳವರಿಂದ ತೆರಿಗೆಯ ಮೂಲಕ ಒಂದಷ್ಟು ಮರಳಿ ಪಡೆಯಬಹುದು. ದೇಶದ ಪಡಿತರ 1997ರಲ್ಲಿ ಬಡವ–ಬಡವನಲ್ಲದವ ಎಂದು ಒಡೆದಾಗಲೂ ತಮಿಳುನಾಡು ಎಲ್ಲರಿಗೂ ಕೊಡುವ ಪದ್ಧತಿ ಬಿಡಲಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ನಮ್ಮ ‘ಶಕ್ತಿ’ ಯೋಜನೆಯೂ (ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ) ಮಹಿಳೆಯ ಆದಾಯ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು. ಆದರೆ ಖಾಸಗಿ ಬಸ್ಸುಗಳೇ ಓಡುವ ಮಲೆನಾಡಿನ ದಾರಿಗಳಲ್ಲಿ ಆ ‘ಎಲ್ಲರಿಗೂ’ ಎಂಬುದು ಇನ್ನೂ ಕಾಗದದ ಮೇಲಿದೆ.