ನಾಟಕ ಮುಗಿದ ಮೇಲೆ ಶುರುವಾಗುವ ನಾಟಕ

ಗ್ರೀಕ್ ದುರಂತ ನಾಟಕದಿಂದ ಮನಸ್ಸು ಹಗುರಾಗುತ್ತದೆ ಅಂದಕೂಡಲೇ ಎಲ್ಲರೂ ಅರಿಸ್ಟಾಟಲ್‌ನ ಕೆಥಾರ್ಸಿಸ್‌ (ಕರುಣೆ, ಭಯಗಳು ಹರಿದುಹೋಗಿ ಮನಸ್ಸು ತಿಳಿಯಾಗುವುದು) ಹಿಡಿದು ಕೂರುತ್ತಾರೆ. ನಾನು 2008ರ ಸ್ಯಾನ್ ಡಿಯಾಗೊ ನೋಡಿ ಅನ್ನುತ್ತೇನೆ. ರಂಗನಿರ್ದೇಶಕ ಬ್ರಯಾನ್ ಡೋರೀಸ್ ಅಲ್ಲಿ ಅಮೆರಿಕದ ಮರೀನ್ ಸೈನಿಕರು ಮತ್ತು ಅವರ ಮನೆಯವರ ಮುಂದೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಏಜಾಕ್ಸ್’, ‘ಫಿಲೊಕ್ಟೀಟಿಸ್’ ದೃಶ್ಯಗಳನ್ನು ಓದಿಸಿದರು. ಆಮೇಲಿನ ಮಾತಿಗೆ ಇಟ್ಟಿದ್ದು 45 ನಿಮಿಷ. ನಡೆದದ್ದು ಮೂರು ಗಂಟೆಗೂ ಹೆಚ್ಚು.

ಸೊಫೊಕ್ಲಿಸ್ ಸ್ವತಃ ಅಥೆನ್ಸಿನ ದಂಡನಾಯಕನಾಗಿದ್ದವನು. ಅಂದು ಅವನ ನಾಟಕ ನೋಡಲು ಕೂತವರಲ್ಲೂ ಯುದ್ಧ ಮಾಡಿ ಬಂದವರು ತುಂಬ ಇದ್ದರು. ಟ್ರೋಜನ್ ಯುದ್ಧದ ಗ್ರೀಕ್ ವೀರ ಏಜಾಕ್ಸ್‌ನ ಹೆಂಗಸು ಟೆಕ್ಮೆಸಾ ಬಿಡಾರದಿಂದ ಹೊರಬಂದು ಹೇಳುವುದನ್ನು ಗಮನಿಸಿ: ನಡುರಾತ್ರಿ ಕತ್ತಿ ಹಿಡಿದು ಹೊರಟ, ಎಲ್ಲಿಗೆ ಅಂದರೆ ಬಾಯಿಮುಚ್ಚು ಅಂದ, ಶತ್ರುಗಳೆಂದು ದನಕುರಿಗಳನ್ನು ಎಳೆದುತಂದು ಕಡಿದ, ಈಗ ಅನ್ನನೀರು ಬಿಟ್ಟು ಆ ಹೆಣಗಳ ನಡುವೆ ಕೂತಿದ್ದಾನೆ. ಸೈನಿಕನ ಮನೆಯಾಕೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ನಿನ್ನ ಗಂಡನಿಗೆ ಏನಾಗಿದೆ?’ ಎಂದು ಕೇಳಿದರೆ ಬಾಯಿ ಬಿಡದವಳು ಟೆಕ್ಮೆಸಾ ಬಗ್ಗೆ ಮಾತಾಡುತ್ತಾಳೆ. ಎರಡೂವರೆ ಸಾವಿರ ವರ್ಷದ ದೂರ ಕೊಡುವ ಧೈರ್ಯ ಅದು.

ಹಾಗಾಗಿ ಇಂಥ ಓದು ಏರ್ಪಡಿಸುವವರು ಖರ್ಚು ಕಡಿಮೆ ಮಾಡಿ, ಸಮಯ ಹೆಚ್ಚು ಇಡಿ. ಒಂದು ಮೇಜು, ಮೈಕು, ಗಟ್ಟಿ ದನಿಯ ಮೂರ್ನಾಲ್ಕು ನಟರು ಸಾಕು. ಓದು ಒಂದು ಗಂಟೆ ಮೀರಬಾರದು. ವೇಷ, ಸೆಟ್ ಬಂದರೆ ಜನ ನಟನೆಗೆ ಅಂಕ ಕೊಡಲು ಕೂರುತ್ತಾರೆ. ಓದು ಮುಗಿದೊಡನೆ ಅದೇ ಸಮುದಾಯದ ಮೂರ್ನಾಲ್ಕು ಜನ ಮುಂದೆ ಕೂತು, ಯಾವ ಮಾತು ತಟ್ಟಿತು ಅಂತ ಚುಟುಕಾಗಿ ಹೇಳಬೇಕು. ಬಳಿಕ ಮೈಕು ಸಭೆಗೆ. ಕೆಡುವುದು ಸಾಮಾನ್ಯವಾಗಿ ಇಲ್ಲೇ: ಪ್ರೊಫೆಸರೊಬ್ಬರು ಎದ್ದು ಗ್ರೀಕ್ ರಂಗಭೂಮಿಯ ಇತಿಹಾಸ ಶುರುಮಾಡುತ್ತಾರೆ, ಇಲ್ಲವೇ ಮನೋವೈದ್ಯರು ಮೊದಲೇ ರೋಗದ ಹೆಸರು ಹೇಳಿಬಿಡುತ್ತಾರೆ. ಆಮೇಲೆ ಯಾರು ಮಾತಾಡುತ್ತಾರೆ?

ಮನೋವೈದ್ಯರು ಬೇಡ ಅಂತಲ್ಲ, ಬೇಕೇ ಬೇಕು. ಏಜಾಕ್ಸ್ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ; ಆತ್ಮಹತ್ಯೆಯ ದೃಶ್ಯವಿದೆ ಎಂದು ಮೊದಲೇ ತಿಳಿಸಿ, ಎದ್ದು ಹೋಗುವವರೊಡನೆ ಬಾಗಿಲಾಚೆ ಕೂರಲು ಒಬ್ಬರನ್ನು ಇಡಿ. ಇದು ಚಿಕಿತ್ಸೆಯಲ್ಲ, ಚಿಕಿತ್ಸೆಗೆ ಹೋಗಲು ಬಾಯಿ ಬಿಡಿಸುವ ಕೆಲಸ.

ಕನ್ನಡದಲ್ಲಿ ಬಿ.ಎಂ.ಶ್ರೀ. ಇದೇ ‘ಏಜಾಕ್ಸ್’ ಹಿಡಿದು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯನ್ನು ಸಾಯಿಸಿದರೆಂದು ನಾವು ಜಗಳಾಡಿದ್ದೇ ಹೆಚ್ಚು. ಅದರ ಹಳಗನ್ನಡ ಕಿವಿಗೆ ಒಮ್ಮೆಲೇ ದಕ್ಕುವುದಿಲ್ಲ. ನಿವೃತ್ತ ಸೈನಿಕರ ಮುಂದೆ ಓದುವುದಾದರೆ ಎರಡೇ ದೃಶ್ಯ ಆರಿಸಿ, ಹೊಸಗನ್ನಡಕ್ಕೆ ತಂದುಕೊಂಡು ಓದಿ.